ತೊಳೆದು ಬಂದ ಡಬ್ಬಿ

ಜೋಳದ ರೊಟ್ಟಿ ಬಡಿಯುತ್ತಿದ್ದೆ. ನಾಲ್ಕನೆಯದು ಹಂಚಿನ ಮೇಲಿದ್ದಾಗ ಅಪ್ಪನ ಫೋನು ಬಂತು. ಕಿವಿಗೆ ಹಿಡಿದರೆ ಹೆಂಗಸಿನ ದನಿ.

"ನೀವು ಮಗಳೇನ್ರಿ? ನಿಮ್ಮಪ್ಪಾರು ಕುಂತಲ್ಲೇ ಹೋಗಿಬಿಟ್ರರಿ. ಲಗೂನ ಶಿಗ್ಗಾಂವಿಗೆ ಬರ್ರಿ, ಬಸ್ ಸ್ಟ್ಯಾಂಡಿಗೆ ಒಬ್ಬರನ್ನ ಕಳಸ್ತೇನಿ."

ನನಗೆ ಮೊದಲು ಅಳು ಬರಲಿಲ್ಲ. ಶಿವನೇ ಕ್ಷಮಿಸಬೇಕು, ಮೊದಲು ಬಂದದ್ದು "ಹಾಂ, ಇವಳೇ" ಎಂಬ ಯೋಚನೆ.

ಅಪ್ಪ ಮೂವತ್ತು ವರ್ಷ ನೂಲಿನ ಗಿರಣಿಯಲ್ಲಿ ದುಡಿದವನು. ಯಂತ್ರಗಳ ಗದ್ದಲಕ್ಕೆ ಎರಡೂ ಕಿವಿ ಮಂದವಾಗಿದ್ದವು. ಆಗೆಲ್ಲ ಅವನ ಊಟದ ಡಬ್ಬಿ ತಳಕ್ಕೆ ಒಣಗಿದ ಝುಣಕ ಅಂಟಿಸಿಕೊಂಡೇ ಮನೆಗೆ ಬರುತ್ತಿತ್ತು. ಅವ್ವ ನೆನೆಹಾಕಿ ತಿಕ್ಕುತ್ತಿದ್ದಳು. ಚಹಾ ಕುಡಿದ ವಾಟಗವನ್ನೂ ಅವನು ತೊಳೆದವನಲ್ಲ. ನಿವೃತ್ತನಾದ ಮೇಲೆ ಸವಣೂರಿನಲ್ಲಿ ನಮ್ಮ ಮನೆಯಿಂದ ಎರಡು ಓಣಿ ಆಚೆ ಬಂದು ನೆಲೆಸಿದ. ಆರು ತಿಂಗಳು ಸುಮ್ಮನೆ ಕಟ್ಟೆಯ ಮೇಲೆ ಕುಂತ. ಆಮೇಲೆ ಒಂದು ಸೋಮವಾರ ಡಬ್ಬಿ ಕಟ್ಟಿಸಿಕೊಂಡು ಶಿಗ್ಗಾಂವಿ ಬಸ್ಸು ಹತ್ತಿದ. ವಾರಕ್ಕೆ ಮೂರು ದಿನ ಅದೇ ಆಯಿತು. ಡಬ್ಬಿ ಮಾತ್ರ ತೊಳೆದು ಬರತೊಡಗಿತು.

ಅವ್ವ ಅದನ್ನು ಮೂಸಿ ನನ್ನ ಕೈಗೆ ಕೊಟ್ಟಳು. "ನಮ್ಮನಿ ಸೋಪಲ್ಲ ಇದು. ಬೂದಿ ಹಾಕಿ ತಿಕ್ಕ್ಯಾಳ."

"ಯಾರವ್ವಾ?"

"ನಿಮ್ಮಪ್ಪನ್ನ ಕೇಳು."

ಕೇಳುವುದು ಹೇಗೆ? ಅಪ್ಪನಿಗೆ ಕೇಳಿಸಬೇಕೆಂದರೆ ಓಣಿಗೆಲ್ಲ ಕೇಳುವಂತೆ ಕೂಗಬೇಕು. "ಎಲ್ಲಿಗೆ ಹೊಂಟ್ರಿ?" ಎಂದು ಅವ್ವ ಒಮ್ಮೆ ಕೂಗಿದ್ದಕ್ಕೆ ಎದುರು ಮನೆಯವಳು ಕಿಟಕಿಗೆ ಬಂದಳು, ಅಪ್ಪ "ಕೆಲಸ ಐತಿ" ಎಂದು ನಡೆದುಬಿಟ್ಟ. ನಾನೂ ಒಮ್ಮೆ ಅವನ ಅಂಗಿಯ ಜೇಬು ತಡಕಿದೆ. ವಿಭೂತಿ ಸಿಕ್ಕಿತು. ಗುಡಿಗೆ ಹೋಗುತ್ತೇನೆಂದು ನಮ್ಮನ್ನು ನಂಬಿಸಲು ಇಟ್ಟುಕೊಂಡಿದ್ದಾನೆ ಅಂದುಕೊಂಡೆ. ಎರಡು ವರ್ಷ ಅವ್ವ ಡಬ್ಬಿ ಕಟ್ಟಿದಳು, ಮೂಸಿದಳು, ಅವನೊಡನೆ ಮಾತು ಕಡಿಮೆ ಮಾಡಿದಳು.

ಸುದ್ದಿ ಹೇಳಲು ಓಡಿದರೆ ಅವ್ವ ಕಂಬಕ್ಕೆ ಒರಗಿ ಕುಂತುಬಿಟ್ಟಳು. "ಅಕಿ ಮನಿ ಹೊಸ್ತಲಾ ನಾ ತುಳಿಯೂದಿಲ್ಲ."

"ಮಣ್ಣ ಕೊಡೂ ಮೊದಲ ಒಮ್ಮೆ ಮಾರಿ ನೋಡಬೇಕಲ್ಲವ್ವಾ."

"ನೋಡ್ತೇನಿ. ಅಕಿ ಮಾರೀನೂ ನೋಡ್ತೇನಿ," ಎಂದು ಸೆರಗು ಬಿಗಿದು ಎದ್ದಳು. ಬಸ್ಸು ಕೂಡಲೇ ಸಿಕ್ಕಿತು. ಅದೂ ಶಿವನ ದಯೆ.

ಬಸ್ ಸ್ಟ್ಯಾಂಡಿಗೆ ಬಂದ ಮುದುಕ ನಮ್ಮನ್ನು ಕರೆದೊಯ್ದದ್ದು ಒಂದು ಮಠಕ್ಕೆ. ದಾಸೋಹದ ಮನೆಯ ಹಿಂದೆ, ನಳದ ಪಕ್ಕ, ಅಪ್ಪನನ್ನು ಚಾಪೆಯ ಮೇಲೆ ಮಲಗಿಸಿದ್ದರು. ಅಂಗಿಯ ತೋಳು ಮೊಣಕೈವರೆಗೆ ಮಡಚಿದ್ದು ಹಾಗೇ ಇತ್ತು. ಬೆರಳ ಸಂದಿಯಲ್ಲಿ ಬೂದಿ. ಸುತ್ತ ತಿಕ್ಕಿಟ್ಟ ತಾಟುಗಳು. ಫೋನು ಮಾಡಿದವಳು ಅಲ್ಲಿ ಅಡುಗೆ ಮಾಡುವ, ಹಲ್ಲು ಬಿದ್ದ ಅಜ್ಜಿ.

"ಎರಡ ವರ್ಷಾತ್ರಿ, ತಾಟೆಲ್ಲಾ ಇವರ ತೊಳೀತಿದ್ರು. ತಮ್ಮ ಡಬ್ಬಿ ರೊಟ್ಟೀನೂ ಪ್ರಸಾದಕ್ಕ ಕುಂತವರಿಗೆ ಹಂಚತಿದ್ರು. ಮನ್ಯಾಗ ಹೇಳಬ್ಯಾಡ್ರಿ, ನಗ್ತಾರ, ಅಂತಿದ್ರು."

ನಗುತ್ತಿದ್ದೆವು, ಸುಳ್ಳು ಯಾಕೆ ಹೇಳಲಿ.

ಅವ್ವ ಅಜ್ಜಿಯನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು. ಒಂದು ತಾಟು ಎತ್ತಿ ಮೂಸಿದಳು. ಆಮೇಲೆ ಅಪ್ಪನ ಕಿವಿಗೆ ಬಗ್ಗಿ, "ಮನ್ಯಾಗ ಒಂದ ವಾಟಗ ತೊಳೀಲಿಲ್ಲಲ್ರೀ!" ಎಂದು ಕೂಗಿದಳು. ಇಡೀ ಮಠಕ್ಕೆ ಕೇಳಿಸಿತು. ಕೂಗಿ ಆದ ಮೇಲೆ ಅತ್ತಳು.

ಮಣ್ಣು ಮುಗಿಸಿ ಮನೆಗೆ ಬಂದೆ. ಓಡುವ ಅವಸರದಲ್ಲೂ ಗ್ಯಾಸು ಆರಿಸುವಷ್ಟು ಬುದ್ಧಿಯನ್ನು ಶಿವ ಕೊಟ್ಟಿದ್ದ. ನಾಲ್ಕನೆಯ ರೊಟ್ಟಿ ಹಂಚಿನ ಮೇಲೆ ಕಟ್ಟಿಗೆಯಾಗಿತ್ತು, ಪರಾತದಲ್ಲಿ ಹಿಟ್ಟು ಒಣಗಿ ಅಂಟಿತ್ತು. ನೀರು ಹಾಕಿ ನೆನೆಯಲು ಬಿಟ್ಟು, ತಿಕ್ಕಲು ಕುಂತೆ.