ಗೇಟಿನ ಬಳಿಯ ಎರಡು ಇಟ್ಟಿಗೆ

ಆಗಸ್ಟ್ ತಿಂಗಳ ಮೊದಲ ಭಾನುವಾರ, ಬೆಳಿಗ್ಗೆ ಆರು ಗಂಟೆ. ವಿಜಯನಗರದ ನಮ್ಮ ಮನೆಯ ಗೇಟಿನಲ್ಲಿ ಇದ್ದವರು ಮೂವರು: ನಾನು, ಒಂಬತ್ತನೇ ತರಗತಿಯ ಮೊಮ್ಮಗಳು, ಅವಳ ಗೆಳತಿ. ಹುಡುಗಿಯರಿಬ್ಬರೂ ಸೈಕಲ್ಲಿನಲ್ಲಿ ಕೆಂಗೇರಿ ಕಡೆ ಹೊರಟಿದ್ದರು.

ಗೇಟಿನ ಪಕ್ಕ ಅಂದೂ ಎರಡು ಇಟ್ಟಿಗೆ ಒಂದರ ಮೇಲೊಂದು ಕೂತಿದ್ದವು. ಎರಡು ತಿಂಗಳಿಂದ ಇದೇ ಕಥೆ. ನಾನು ಎತ್ತಿ ಹಿತ್ತಲಲ್ಲಿ ಇಡುವುದು, ಮಾರನೆಯ ದಿನ ಅವು ಮತ್ತೆ ಅಲ್ಲೇ ಕಾಣಿಸುವುದು. ವಸ್ತು ಅದರ ಜಾಗದಲ್ಲಿ ಇಲ್ಲದಿದ್ದರೆ ನನಗೆ ಕಾಫಿ ಸೇರುವುದಿಲ್ಲ.

"ದಿನಾ ಇಲ್ಲಿ ಇಟ್ಟಿಗೆ ತಂದು ಹಾಕೋರು ಯಾರು? ಮನೆ ಕಟ್ತಾ ಇದಾರಾ?" ಎನ್ನುತ್ತ ಬಗ್ಗಿದೆ.

ಗೆಳತಿ ಕಿಸಕ್ಕನೆ ನಕ್ಕಳು. "ತೆಗೀಬೇಡಿ ತಾತ, ಅದು ಇವಳ ಏಣಿ! ಅದಿಲ್ದೆ ಮೇಡಂ ಸೈಕಲ್ ಹತ್ತೋಕಾಗಲ್ಲ."

"ಸುಮ್ನಿರೇ," ಎಂದಳು ಮೊಮ್ಮಗಳು.

"ಯಾಕ್ ಸುಮ್ನಿರ್ಲಿ? ಮೊನ್ನೆ ಸಿಗ್ನಲ್ಲಲ್ಲಿ ಕಾಲೂರೋಕೆ ಫುಟ್‌ಪಾತ್ ಸಿಗದೆ ದಬಾರ್ ಅಂತ ಬಿದ್ದೆ ಅಲ್ವಾ? ತೋರ್ಸು ತಾತಂಗೆ."

ತೋರಿಸಲಿಲ್ಲ. ನಾನೇ ಪ್ಯಾಂಟಿನ ಅಂಚು ಎತ್ತಿ ನೋಡಿದೆ. ಮೊಣಕಾಲಿನ ಕೆಳಗೆ ಉದ್ದಕ್ಕೂ ತರಚಿದ ಗಾಯ. ಅದರ ಪಕ್ಕದಲ್ಲಿ, ಒಣಗಿ ಕಪ್ಪಾದ ಹಳೆಯದು ಇನ್ನೊಂದು.

ಆ ಸೈಕಲ್ ಆರಿಸಿದವನು ನಾನು. ರಾಜಾಜಿನಗರದ ಕಾರ್ಖಾನೆಯೊಂದರಲ್ಲಿ ಮೂವತ್ತೈದು ವರ್ಷ ಅಳತೆ ಪರೀಕ್ಷಿಸುವ ಕೆಲಸ ಮಾಡಿದವನು. ಕೂದಲೆಳೆಯಷ್ಟು ಹೆಚ್ಚುಕಮ್ಮಿಯಾದ ಬಿಡಿಭಾಗವನ್ನೂ ವಾಪಸ್ ಕಳಿಸಿದವನು. ಜೂನ್‌ನಲ್ಲಿ ಮೂರು ಅಂಗಡಿ ಸುತ್ತಿ, ಕೈಗೆಟುಕುವ ಬೆಲೆಯಲ್ಲಿ ಗೇರು, ಮುಂದಿನ ಚಕ್ರಕ್ಕೆ ಶಾಕ್ ಅಬ್ಸಾರ್ಬರ್, ಡಿಸ್ಕ್ ಬ್ರೇಕ್ ಎಲ್ಲ ಇರುವ ಮೌಂಟನ್ ಬೈಕನ್ನು ನಾಯಂಡಹಳ್ಳಿಯಲ್ಲಿ ಹಿಡಿದಿದ್ದೆ. ಚಕ್ರ ತಿರುಗಿಸಿ ಓರೆ ನೋಡಿದೆ, ವೆಲ್ಡಿಂಗ್ ಮೇಲೆ ಬೆರಳಾಡಿಸಿದೆ. "ಕಾಲು ಎಟುಕ್ತಿಲ್ಲ ತಾತ," ಎಂದಿದ್ದಳು ಅವಳು. "ಬೆಳೆಯೋ ಮಗು, ಮುಂದಿನ ವರ್ಷ ಎಟುಕುತ್ತೆ," ಎಂದು ಮಾತು ಮುಗಿಸಿದ್ದೆ.

ನಮ್ಮ ಮನೆಯಲ್ಲಿ ಹಾಗೇ ನಡೆದು ಬಂದಿದೆ. ಮಕ್ಕಳಿಗೆ ಯೂನಿಫಾರಂ ಒಂದು ಸೈಜ್ ದೊಡ್ಡದು, ಅಂಚು ಮಡಿಸಿ ಹೊಲಿಗೆ. ಶೂ ಒಂದು ಸೈಜ್ ದೊಡ್ಡದು, ತುದಿಗೆ ಹತ್ತಿ. ಆದರೆ ಸೈಕಲ್ಲಿನ ಅಡ್ಡ ಬಾರನ್ನು ಮಡಿಸಿ ಹೊಲಿಯಲು ಬರುವುದಿಲ್ಲ.

"ಯಾಕೆ ಹೇಳ್ಲಿಲ್ಲ ಪುಟ್ಟಿ?"

"ಅಂಗಡೀಲೇ ಹೇಳಿದ್ನಲ್ಲ ತಾತ. ಆಮೇಲೆ ನೀವು ಬಂದವ್ರಿಗೆಲ್ಲ ತೋರಿಸ್ತಾ ಇದ್ರಿ..."

ನಾನು ದಿನವೂ ಒಳಗಿಟ್ಟ ಇಟ್ಟಿಗೆಗಳನ್ನು ಅವಳು ದಿನವೂ ಹಿತ್ತಲಿನಿಂದ ಹೊತ್ತು ತಂದಿದ್ದಳು. ಶಾಲೆಗೆ ತಡವಾಯಿತೆಂದು ನಾನು ಗದರಿದ ಬೆಳಗುಗಳೂ ಆ ದಿನಗಳಲ್ಲಿ ಸೇರಿದ್ದವು.

ಕೆಂಗೇರಿ ಸವಾರಿ ನಿಂತಿತು, ಗೆಳತಿ ತನ್ನ ಮನೆಗೆ ಹೋದಳು. ಹತ್ತು ಗಂಟೆಗೆ ಸೈಕಲ್ಲನ್ನು ಲಗೇಜ್ ಆಟೋಗೆ ಹಾಕಿಸಿ ಅದೇ ಅಂಗಡಿಗೆ ಹೋದೆವು. ಅಂಗಡಿಯವರು ನನ್ನನ್ನು ಮರೆತಿರಲಿಲ್ಲ.

"ಅವತ್ತೇ ಬಡ್ಕೊಂಡೆ ಸಾರ್, ಫ್ರೇಮ್ ದೊಡ್ಡದಾಗುತ್ತೆ ಅಂತ. ನೀವು ವೆಲ್ಡಿಂಗ್ ನೋಡೋದ್ರಲ್ಲೇ ಇದ್ರಿ."

"ತಪ್ಪು ನಂದೇ. ಬದಲಾಯಿಸಿ ಕೊಡಿ," ಎಂದೆ. ಕೈಗಳನ್ನು ಬೆನ್ನ ಹಿಂದೆ ಕಟ್ಟಿಕೊಂಡು ಬಾಗಿಲಲ್ಲಿ ನಿಂತೆ.

ಅವಳು ನಾಲ್ಕು ಸೈಕಲ್ ಹತ್ತಿ ಇಳಿದಳು. ಐದನೆಯದರಲ್ಲಿ ಬಾರಿನ ಎರಡೂ ಬದಿ ಪಾದ ಪೂರ್ತಿ ನೆಲಕ್ಕೂರಿ ನಿಂತಳು. ಗೇರು ಕಡಿಮೆ, ಬ್ರೇಕೂ ಸಾದಾ. "ಇದೇ ಇರ್ಲಾ ತಾತ?" ಎಂದು ನನ್ನ ಮುಖ ನೋಡಿದಳು. ಆ ವಯಸ್ಸಿನ ಹುಡುಗಿ ಹಾಗೆ ಅಂಜುತ್ತ ಕೇಳುವಂತೆ ಮಾಡಿದ್ದು ನಾನೇ. "ಓಡಿಸೋಳು ನೀನು. ನೀನೇ ಹೇಳು," ಎಂದೆ.

ಬರುವಾಗ ಅವಳು ಹೊಸ ಸೈಕಲ್ಲಿನಲ್ಲಿ ಮುಂದೆ, ನಾನು ಆಟೋದಲ್ಲಿ ಹಿಂದೆ. ದೀಪಾಂಜಲಿ ನಗರದ ಹತ್ತಿರ ಸಿಗ್ನಲ್ ಕೆಂಪಾಯಿತು. ಅವಳ ತಲೆ ಅಭ್ಯಾಸದಂತೆ ಫುಟ್‌ಪಾತಿನ ಕಡೆ ತಿರುಗಿತು, ಆಮೇಲೆ ನೆನಪಾದವಳಂತೆ ಕಾಲನ್ನು ರಸ್ತೆಗೇ ಊರಿದಳು.

ಮಧ್ಯಾಹ್ನ ಗಾಯಕ್ಕೆ ಮುಲಾಮು ಹಚ್ಚಿದೆ. ಹಳೆಯದರ ಕಲೆ ಉಳಿಯುತ್ತದೆ.

ಸಂಜೆ ಗೇಟಿನ ಬಳಿ ಇಟ್ಟಿಗೆಗಳು ಇನ್ನೂ ಅಲ್ಲೇ ಇದ್ದವು. ಬಗ್ಗಿದವನು ಎದ್ದು ಅವಳನ್ನು ಕೂಗಿದೆ. "ಇವನ್ನ ಒಳಗಿಡ್ಲೇನಮ್ಮ?"

"ಇಡಿ ತಾತ. ಇನ್ನು ಬೇಡ."

ಹಿತ್ತಲಿಗೆ ಕೊಂಡೊಯ್ದು ಇಟ್ಟೆ.