ಹಗುರ ಬ್ಯಾಗಿಗಾಗಿ ಹೇಳಿದ ಸುಳ್ಳು

ನಮ್ಮ ಮಸ್ಕಿಯಲ್ಲಿ ಸುಮ್ಮಸುಮ್ಮನೆ ಯಾರೂ ಹೈದರಾಬಾದಿಗೆ ಹೋಗುವುದಿಲ್ಲ. ಹೋದರೆ ಮದುವೆಗೆ ಹೋಗಬೇಕು, ಮಣ್ಣಿಗೆ ಹೋಗಬೇಕು, ಇಲ್ಲವೇ ದವಾಖಾನೆಗೆ ಹೋಗಬೇಕು. ಗಂಡ ಹೆಂಡತಿ ಇಬ್ಬರೇ ಎರಡು ದಿನ ಊರು ನೋಡಿ ಬರುತ್ತೇವೆ ಎಂದರೆ ಓಣಿಯವರು ಒಂದು ಗಳಿಗೆ ಮುಖ ನೋಡುತ್ತಾರೆ. ಆಮೇಲೆ ಒಂದು ಚೀಲ ಅಕ್ಕಿ ತಂದು ಬಾಗಿಲಲ್ಲಿ ಇಳಿಸುತ್ತಾರೆ.

ಈ ಅಕ್ಕಿಯ ವಿಷಯ ಹೇಳದಿದ್ದರೆ ನಾನು ಯಾಕೆ ಸುಳ್ಳು ಹೇಳಿದೆ ಎಂಬುದು ಯಾರಿಗೂ ತಿಳಿಯುವುದಿಲ್ಲ. ಹೈದರಾಬಾದಿಗೆ ಹೋಗಿ ನೆಲೆಸಿದ ನಮ್ಮ ಕಡೆಯ ಮಂದಿಗೆ ಅಲ್ಲಿನ ಅಂಗಡಿ ಅಕ್ಕಿ ಬಾಯಿಗೆ ಹತ್ತುವುದಿಲ್ಲ. ಸಿಂಧನೂರಿನ ಮಿಲ್ಲಿನ ಸೋನಾ ಮಸೂರಿಯೇ ಆಗಬೇಕು. ಊರಿಂದ ಯಾರೇ ಹೊರಟರೂ ಅವರ ಹೆಗಲ ಮೇಲೆ ಯಾರದೋ ಮಗಳ ಮನೆಗೆ, ಯಾರದೋ ತಮ್ಮನ ಮನೆಗೆ ಒಂದೊಂದು ಚೀಲ ಏರುತ್ತದೆ. ಹಿಂದೊಮ್ಮೆ ಒಂದು ಮದುವೆಗೆ ಹೋದಾಗ ನಾವಿಬ್ಬರೂ ಮೂರು ಚೀಲ ಹೊತ್ತು, ಮೂರು ಮನೆ ಹುಡುಕಿ, ಮೂರು ಕಡೆಯೂ ಉಪ್ಪಿಟ್ಟು ತಿಂದು, ಚಾರ್‌ಮಿನಾರನ್ನು ಆಟೋದೊಳಗಿಂದ ಬಗ್ಗಿ ನೋಡಿ ಬಂದಿದ್ದೆವು. ವಾಪಸು ಬಂದ ಮೇಲೆ ನಮ್ಮ ಯಜಮಾನರು ಒಂದು ವಾರ ಸೊಂಟಕ್ಕೆ ಎಣ್ಣೆ ತಿಕ್ಕಿಸಿಕೊಂಡರು.

ನಾನು ಲಿಂಗಸುಗೂರಿನ ಒಂದು ಸರ್ಕಾರಿ ಕಚೇರಿಯಲ್ಲಿ ಗುಮಾಸ್ತೆ. ದಿನಾ ಬೆಳಿಗ್ಗೆ ಬಸ್ಸು, ಸಂಜೆ ಬಸ್ಸು. ಅವರು ಬಳಗಾನೂರಿನಲ್ಲಿ ಮಾಸ್ತರು. ಮದುವೆಯಾಗಿ ಇಪ್ಪತ್ತನಾಲ್ಕು ವರ್ಷದಲ್ಲಿ ಕಾರಣವಿಲ್ಲದೆ ನಾವು ಎಲ್ಲಿಗೂ ಹೋದವರಲ್ಲ. ಮಗಳು ಓದಲು ಹಾಸ್ಟೆಲ್ ಸೇರಿದ ಮೇಲೆ ಅವರಿಗೆ ಒಂದು ಹುಚ್ಚು ಹತ್ತಿತು. ಮೊಬೈಲಿನಲ್ಲಿ ಯಾರೋ ಒಬ್ಬ ಹುಡುಗ ಎರಡು ದಿನದ ಪ್ರವಾಸಕ್ಕೆ ಒಂದೇ ಬ್ಯಾಗಿನಲ್ಲಿ ಹೇಗೆ ಬಟ್ಟೆ ತುಂಬಬೇಕು ಎಂದು ತೋರಿಸುತ್ತಿದ್ದ. ಇವರು ಅದನ್ನು ಪಾಠದ ಹಾಗೆ ನೋಡಿ ಕಲಿತರು. ಮಂಚದ ಮೇಲೆ ಅಂಗಿಗಳನ್ನು ಹರವಿ, ಚಾಪೆ ಸುತ್ತಿದ ಹಾಗೆ ಸುತ್ತಿದರು.

“ಎರಡು ದಿನಕ್ಕ ಇಬ್ಬರಿಗೂ ಸೇರಿ ಒಂದ ಬ್ಯಾಗು,” ಎಂದರು. “ಕೈ ಬೀಸಿಕೊಂತ ಹೋಗಬೇಕು, ಕೈ ಬೀಸಿಕೊಂತ ಬರಬೇಕು.”

“ಸೀರಿ ಸುತ್ತಿದ್ರ ಮುದುಡಿ ಮುದ್ದಿ ಆಗ್ತಾವ್ರೀ.”

“ಅಲ್ಲಿ ನಿನ್ನ ಯಾರು ನೋಡಾಕ ಬರ್ತಾರ?”

ಹೇಳಿದ ಮಾತು ಬಿರುಸಾಗಿದ್ದರೂ ನನಗೆ ಹಿತವಾಯಿತು. ಯಾರೂ ನೋಡಲು ಬಾರದ ಊರು, ಯಾರ ಮನೆಗೂ ಹೋಗಬೇಕಿಲ್ಲದ ಎರಡು ದಿನ. ಇಬ್ಬರೂ ರಜೆ ಬರೆದುಕೊಟ್ಟೆವು. ಸಿಂಧನೂರಿನಿಂದ ಬೆಳಿಗ್ಗೆ ಹೊರಡುವ ಬಸ್ಸಿಗೆ ಎರಡು ವಾರ ಮೊದಲೇ ಸೀಟು ಕಾದಿರಿಸಿದೆವು. ಯಾರಿಗೂ ಹೇಳಬಾರದು ಎಂದು ಮಾತಾಯಿತು.

ನಮ್ಮ ಪಕ್ಕದ ಮನೆಯಲ್ಲಿ ಒಬ್ಬ ಅಕ್ಕ ಇದ್ದಾಳೆ. ನನಗಿಂತ ನಾಲ್ಕೈದು ವರ್ಷ ದೊಡ್ಡವಳು. ಗಂಡ ಆಟೋ ಹೊಡೆಯುತ್ತಾನೆ, ಆಕೆ ಪಡಸಾಲೆಯಲ್ಲಿ ಹೊಲಿಗೆ ಮಿಷನ್ ಇಟ್ಟುಕೊಂಡು ಜಂಪರ್, ಅಂದರೆ ರವಿಕೆ, ಹೊಲಿಯುತ್ತಾಳೆ. ಓಣಿಯ ಹೆಂಗಸರೆಲ್ಲರ ಮೈಯಳತೆ ಆಕೆಯ ಹಳೆಯ ನೋಟ್‌ಬುಕ್ಕಿನಲ್ಲಿದೆ. ಯಾರು ದಪ್ಪಗಾದರು, ಯಾರು ಸೊರಗಿದರು ಎಂಬುದು ಅವರ ಗಂಡಂದಿರಿಗಿಂತ ಮೊದಲು ಆಕೆಗೆ ಗೊತ್ತಾಗುತ್ತದೆ. ಸೀಟು ಕಾದಿರಿಸಿದ ಮರುದಿನ ಸಂಜೆ ಗೋಡೆಯಾಚೆಯಿಂದ ಆಕೆ ಕೇಳಿದಳು, “ಮಾಸ್ತರ ಅಂಗಿ ಗುಂಡಿ ಹಚ್ಚಸ್ಕೊಂಡು ಹೋದ್ರು, ಹೈದರಾಬಾದಿಗೆ ಬೇಕು ಅಂದ್ರು. ಏನು ವಿಶೇಷ?”

ಗುಟ್ಟು ಬಿಟ್ಟುಕೊಟ್ಟವರು ನಮ್ಮವರೇ. ನನಗೆ ಮೂರು ಅಕ್ಕಿ ಚೀಲ ಕಣ್ಣ ಮುಂದೆ ಬಂದವು. ಬಾಯಿಗೆ ಬಂದದ್ದು ಹೇಳಿಬಿಟ್ಟೆ: “ದವಾಖಾನಿಗೆ ಅಕ್ಕಾ.”

“ಯಾರಿಗೆ ಏನಾಗೈತಿ?”

“ನನಗ. ಹೆಂಗಸರದು, ಏನೋ ಸಣ್ಣದು.”

ನನ್ನ ಜಾಣತನವನ್ನು ನಾನೇ ಮೆಚ್ಚಿಕೊಂಡೆ. ಹೆಂಗಸರದು ಎಂದರೆ ಗಂಡಸರು ಮುಂದಕ್ಕೆ ಕೇಳುವುದಿಲ್ಲ, ರೋಗಿಯ ಹೆಗಲ ಮೇಲೆ ಅಕ್ಕಿ ಯಾರೂ ಹೊರಿಸುವುದಿಲ್ಲ. ಆದರೆ ದವಾಖಾನೆಗೆ ಹೋಗುವವರಿಗೆ ಏನೇನು ಬೇಕಾಗುತ್ತದೆ ಎಂಬುದನ್ನು ಲೆಕ್ಕಕ್ಕೆ ಹಿಡಿದಿರಲಿಲ್ಲ.

ಹೊರಡುವ ಮುನ್ನಾದಿನ ಮಧ್ಯಾಹ್ನದಿಂದಲೇ ಹೆಂಗಸರು ಬರತೊಡಗಿದರು. ಒಬ್ಬಾಕೆ ಚಾದರ ತಂದಳು, ಅಲ್ಲಿಯ ಹಾಸಿಗೆ ಮೇಲೆ ಯಾರ‍್ಯಾರೋ ಮಲಗಿರುತ್ತಾರಂತೆ. ಇನ್ನೊಬ್ಬಾಕೆ ಸ್ಟೀಲಿನ ತಾಟು, ವಾಟಿ ತಂದಳು. ಎದುರು ಮನೆಯ ಅಜ್ಜಿ ಚಹಾದ ಫ್ಲಾಸ್ಕು ಕೊಟ್ಟು, ಮುಚ್ಚಳ ಜೋಪಾನ ಎಂದು ಎರಡು ಸಲ ಹೇಳಿದಳು. ಬ್ರೆಡ್ಡು, ಬಾಳೆಹಣ್ಣು, ಗ್ಲುಕೋಸು, ಕಿವಿ ಮುಚ್ಚುವ ಟೋಪಿ, ಇಪ್ಪತ್ತು ಕಡಕ್ ರೊಟ್ಟಿ, ಅದಕ್ಕೆ ಹಚ್ಚಿಕೊಳ್ಳಲು ಒಂದು ಡಬ್ಬಿ ಶೇಂಗಾ ಹಿಂಡಿ. ಬಂದವರು ನನ್ನ ಕೈ ಹಿಡಿದು ಫಿಕರ್ ಮಾಡಬೇಡ ಎನ್ನುತ್ತಿದ್ದರು. ನಾನು ಸಪ್ಪೆ ಮುಖ ಮಾಡಿಕೊಂಡು ಕೂತಿದ್ದೆ. ನಮ್ಮವರು ಒಳಗಿನ ಕೋಣೆಯಲ್ಲಿ ತಮ್ಮ ಸುತ್ತಿಟ್ಟ ಅಂಗಿಗಳ ಪಕ್ಕ ಕೂತು ಹಣೆ ಚಚ್ಚಿಕೊಳ್ಳುತ್ತಿದ್ದರು.

ಎಲ್ಲರೂ ಹೋದ ಮೇಲೆ ಅಕ್ಕ ಬಂದಳು. ಕೈಯಲ್ಲಿ ಏನೂ ಇರಲಿಲ್ಲ. ಅಡುಗೆಮನೆಗೆ ಬಂದು ಬಾಗಿಲು ಮುಂದಕ್ಕೆ ದೂಡಿದಳು.

“ನೀ ಹೋಗಿ ಬಂದು ನನಗ ಎಲ್ಲಾ ಹೇಳಬೇಕು,” ಎಂದಳು. “ಅಲ್ಲಿ ನೋಡೋರು ಗಂಡಸರೋ ಹೆಂಗಸರೋ. ಜಂಪರ್ ಪೂರಾ ತಗೀಬೇಕೋ ಏನೋ. ಒಳಗ ಎಷ್ಟು ಮಂದಿ ಇರ್ತಾರ.”

“ಯಾಕಕ್ಕಾ?”

ಆಕೆ ಸೆರಗನ್ನು ಎಳೆದುಕೊಂಡಳು. “ನನಗೂ ಒಂದು ಐತಿ. ಎಡಕ್ಕ, ಗಂಟು. ಉಗಾದಿ ಮುಂದಿಂದ.”

ಆಗ ದಸರಾ ಮುಗಿದಿತ್ತು. ಎಂಟು ತಿಂಗಳಾಗುತ್ತ ಬಂದಿತ್ತು. ನನ್ನ ಕೈಯಲ್ಲಿದ್ದ ರೊಟ್ಟಿ ಗಂಟು ಅಲ್ಲೇ ಇಟ್ಟೆ. ಮನೆಯವರಿಗೆ ಹೇಳಿದೀಯಾ ಎಂದರೆ ಇಲ್ಲ. ಅಕ್ಕತಂಗಿಯರಿಗೆ, ಇಲ್ಲ. ನಾಳೆ ಬೆಳಿಗ್ಗೆಯೇ ಲಿಂಗಸುಗೂರಿಗೆ ಹೋಗೋಣ, ನಾನು ಬರುತ್ತೇನೆ ಎಂದೆ. ಆಕೆ ತಲೆ ಅಲ್ಲಾಡಿಸಿದಳು.

“ಮೊದಲು ನೀ ಹೋಗಿ ಬಾ. ನೀ ಧೈರ್ಯ ಮಾಡಿ ಹೊಂಟೀದಿ. ನೀ ಹೋಗಿ ಬಂದಿ ಅಂದ್ರ ನಾನೂ ಬರ್ತೀನಿ. ಅಲ್ಲಿ ತನಕ ಯಾರ ಮುಂದೂ ಬಾಯಿ ಬಿಡಬ್ಯಾಡ.”

ಊರ ಹೆಂಗಸರ ಎದೆಗೆಲ್ಲ ಟೇಪು ಹಿಡಿದ ಹೆಂಗಸು, ತನ್ನದನ್ನು ಯಾರಿಗೂ ತೋರಿಸಲಾರದೆ ಎಂಟು ತಿಂಗಳು ಮಿಷನ್ ತುಳಿದಿದ್ದಳು. ಆಗಲೇ ನಿಜ ಹೇಳಬೇಕಿತ್ತು. ಅಕ್ಕಾ, ನನಗೇನೂ ಆಗಿಲ್ಲ, ನಾವು ಬಳೆ ಕೊಳ್ಳಲು, ಚಹಾ ಕುಡಿಯಲು ಹೊರಟಿದ್ದೇವೆ ಎನ್ನಬೇಕಿತ್ತು. ಹೇಳಿದರೆ ಆಕೆ ಹಿಂದೆ ಸರಿದಾಳು ಎಂದು ಹೆದರಿದೆ. ನಾಚಿಕೆಯೂ ಆಯಿತು, ಅದನ್ನು ಮುಚ್ಚಿಡುವುದಿಲ್ಲ.

ಮರುದಿನ ಒಂದು ಬ್ಯಾಗಿನ ಬದಲು ನಾಲ್ಕು ಗಂಟುಗಳೊಡನೆ ಸಿಂಧನೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿದೆವು. ನಮ್ಮವರು ಫ್ಲಾಸ್ಕನ್ನು ಕೊರಳಿಗೆ ಹಾಕಿಕೊಂಡು, ಯಾರನ್ನೂ ನೋಡದೆ ಹೈದರಾಬಾದ್ ಬಸ್ಸು ಹತ್ತಿದರು. ಆ ಸಂಜೆ ಚಾರ್‌ಮಿನಾರಿನ ಕೆಳಗೆ ನಿಂತೆವು. ಬಳೆ ಅಂಗಡಿಗಳ ಸಾಲಿನಲ್ಲಿ ಅವರು ನನ್ನ ಕೈ ಹಿಡಿದು ನಡೆದರು, ಮಸ್ಕಿಯಲ್ಲಿ ಒಮ್ಮೆಯೂ ಹಾಗೆ ನಡೆದವರಲ್ಲ. ಇರಾನಿ ಹೋಟೆಲಿನಲ್ಲಿ ಚಹಾ ತರಿಸಿ ಬಿಸ್ಕೀಟು ಅದ್ದಿ ತಿನ್ನುವುದನ್ನು ತೋರಿಸಿಕೊಟ್ಟರು. ಎಲ್ಲವೂ ಚೆನ್ನಾಗಿತ್ತು, ನನಗೆ ಮಾತ್ರ ಅಕ್ಕನ ಮಾತೇ ನೆನಪಾಗುತ್ತಿತ್ತು. ಅಕ್ಕ ಯಾರಿಗೂ ಹೇಳಬೇಡ ಎಂದಿದ್ದಳು. ಆಕೆಯ ಹೆಸರು ಎತ್ತದೆ, “ನಾಳೆ ನಾನು ಖರೇನ ದವಾಖಾನಿಗೆ ಹೋಗಬೇಕ್ರೀ,” ಎಂದೆ.

ಅವರ ಮುಖ ಬಿಳುಪೇರಿತು. ನನಗೆ ಏನೋ ಆಗಿದೆ, ಮುಚ್ಚಿಟ್ಟಿದ್ದೇನೆ ಎಂದುಕೊಂಡರು. ಇಲ್ಲ, ನನಗೇನೂ ಇಲ್ಲ, ಅಲ್ಲಿ ಹೇಗಿರುತ್ತದೆ ಎಂದು ಊರಲ್ಲಿ ಒಬ್ಬರಿಗೆ ಹೇಳಬೇಕಾಗಿದೆ ಎಂದೆ. ಅವರು ತುಸು ಹೊತ್ತು ಸಿಟ್ಟಾದರು. “ಇರೋದ ಎರಡು ದಿನ. ನಾಳೆ ಮ್ಯೂಸಿಯಂ ಇತ್ತು,” ಎಂದರು. ಆಮೇಲೆ ಯಾರು ಏನು ಎಂದು ಒಂದು ಮಾತೂ ಕೇಳಲಿಲ್ಲ. ಬೆಳಿಗ್ಗೆ ನನಗಿಂತ ಮೊದಲು ಎದ್ದು, ದವಾಖಾನೆಯಲ್ಲಿ ಚೀಟಿ ಮಾಡಿಸುವ ಸಾಲಿನಲ್ಲಿ ಹೋಗಿ ನಿಂತರು. ಅವರ ಬಗ್ಗೆ ನನಗೆ ನೂರು ತಕರಾರುಗಳಿವೆ. ಆ ಬೆಳಿಗ್ಗೆ ಒಂದೂ ನೆನಪಾಗಲಿಲ್ಲ.

ನನ್ನ ಸರದಿ ಬರುವವರೆಗೆ ನಾನು ಎಲ್ಲವನ್ನೂ ಅಕ್ಕನ ಕಣ್ಣಿನಿಂದ ನೋಡುತ್ತಿದ್ದೆ. ಬಾಗಿಲಿಗೆ ಒಳಗಿನಿಂದ ಚಿಲಕ ಇದೆಯೇ. ಪರದೆ ನೆಲದವರೆಗೆ ಬರುತ್ತದೆಯೇ. ಡಾಕ್ಟರು ಹೆಂಗಸು, ಕನ್ನಡಕ ಹಾಕಿದವರು, ತೆಲುಗು ಬೆರೆತ ಹಿಂದಿಯಲ್ಲಿ ಏನು ತೊಂದರೆ ಎಂದು ಕೇಳಿದರು. ತೊಂದರೆ ಇಲ್ಲ, ನೋಡಿಸಿಕೊಳ್ಳಬೇಕು ಎಂದು ನಮ್ಮ ಕಡೆಯ ಮುರುಕು ಹಿಂದಿಯಲ್ಲಿ ಹೇಳಿದೆ. ಅವರು ತಲೆಯೆತ್ತಿ ನನ್ನನ್ನು ನೋಡಿದರು. ತೊಂದರೆ ಆಗುವ ಮೊದಲೇ ಬರುವವರು ಕಡಿಮೆ, ಚಲೋ ಮಾಡಿದಿರಿ ಎಂದರು. ಹೊಗಳಿಕೆ ಕೇಳಿ ತಲೆ ತಗ್ಗಿಸಿದೆ.

ಪರದೆಯ ಹಿಂದೆ ಡಾಕ್ಟರು, ಒಬ್ಬ ನರ್ಸಮ್ಮ, ಇಬ್ಬರೇ. ಹೊದೆಯಲು ಒಂದು ಹಸಿರು ಬಟ್ಟೆ ಕೊಟ್ಟರು. ಬೆರಳುಗಳು ತಣ್ಣಗಿದ್ದವು. ಆಮೇಲೆ ಎಕ್ಸ್‌ರೇ ಥರದ ಒಂದು ಮಿಷನ್ನಿನ ಮುಂದೆ ನಿಲ್ಲಿಸಿ, ಎರಡು ಹಲಗೆಯ ನಡುವೆ ಒತ್ತಿದರು, ಒಂದಿಷ್ಟು ನೋವಾಯಿತು. ರಿಪೋರ್ಟು ಬರುವವರೆಗೆ ಹೊರಗೆ ಕೂರಬೇಕಿತ್ತು. ಅಷ್ಟು ಹೊತ್ತೂ ನಾನು ನಿಜಕ್ಕೂ ಹೆದರಿದ್ದೆ. ಸುಳ್ಳು ಹೇಳಿದ ಬಾಯಿಗೆ ಸರಿಯಾಗಿ ಏನಾದರೂ ಸಿಕ್ಕಿಬಿಟ್ಟರೆ ಎಂದು ರಿಪೋರ್ಟು ಕೊಡುವ ಕಿಟಕಿಯನ್ನೇ ನೋಡುತ್ತಿದ್ದೆ. ಪಕ್ಕದಲ್ಲಿ ನಮ್ಮವರು ಅಜ್ಜಿಯ ಫ್ಲಾಸ್ಕಿನಿಂದ ಗುರುತಿಲ್ಲದ ಒಬ್ಬ ಮುದುಕನಿಗೆ ಚಹಾ ಬಗ್ಗಿಸಿ ಕೊಡುತ್ತಿದ್ದರು. ಏನೂ ಇಲ್ಲ ಎಂದು ರಿಪೋರ್ಟು ಬಂತು. ಅವರು ಆ ಕಾಗದವನ್ನು ನಾಲ್ಕು ಸಲ ಓದಿ ಜೇಬಿನಲ್ಲಿಟ್ಟುಕೊಂಡರು.

ಊರಿಗೆ ಬಂದ ದಿನವೇ ಅಕ್ಕನ ಪಡಸಾಲೆಗೆ ಹೋದೆ. ಮಿಷನ್ ನಿಲ್ಲಿಸಿ ಬಾಗಿಲು ಹಾಕಿದಳು. ಚಿಲಕದಿಂದ ಹಿಡಿದು ಹಸಿರು ಬಟ್ಟೆಯವರೆಗೆ ಒಂದೂ ಬಿಡದೆ ಹೇಳಿದೆ. ಆಕೆ ಅಳತೆ ಬರೆದುಕೊಳ್ಳುವಾಗ ಕೇಳುವ ಹಾಗೆ ಕೇಳಿಸಿಕೊಂಡಳು.

“ನೋವಾತೇನು?”

“ಮಿಷನ್ನಿನಾಗ ಸ್ವಲ್ಪ.”

“ನಾಚಿಕಿ?”

“ಮೊದಲು ಆತು. ಆಮ್ಯಾಲ ಅವರು ತಮ್ಮ ಕೆಲಸ ತಾವು ಮಾಡಾಕತ್ತಿದ್ರು. ನೀ ನಮ್ಮ ಅಳತಿ ತಗೊಳ್ಳಾಗ ನಮ್ಮ ಮಾರಿ ನೋಡ್ತಿಯೇನು? ಹಂಗ.”

ಆಕೆ ನನ್ನ ಕೈ ಹಿಡಿದು ತನ್ನ ಸೆರಗಿನೊಳಗೆ ಒಯ್ದು ಅಲ್ಲಿ ಒತ್ತಿ ಹಿಡಿದಳು. ನೆಲ್ಲಿಕಾಯಿಯಷ್ಟು ಇತ್ತು, ಗಟ್ಟಿ. ನಾಳೆಯೇ ಹೋಗೋಣ ಎಂದೆ. ಮದುವೆಯೊಂದರ ಮೂರು ಜಂಪರ್ ಬಾಕಿ ಇವೆ, ಅವನ್ನು ಮುಗಿಸದೆ ಏಳುವುದಿಲ್ಲ ಎಂದಳು. ನಾನು ಬೈದೆ, ಬೇಡಿಕೊಂಡೆ, ಕೊನೆಗೆ ಆಕೆಯ ಪಕ್ಕ ಕೂತು ಹುಕ್ಕು ಹಚ್ಚಿಕೊಟ್ಟೆ. ಗಂಡನಿಗೆ ಹೇಳಲೇಬೇಕು ಎಂದು ಹಟ ಹಿಡಿದಿದ್ದಕ್ಕೆ ಮಾತ್ರ ಒಪ್ಪಿದಳು. ಆತ ಕೇಳಿ ಜಗಲಿಯ ಮೇಲೆ ಕೂತು ಅತ್ತನಂತೆ. ನಾಲ್ಕನೆಯ ದಿನ ಬೆಳಿಗ್ಗೆ ದೊಡ್ಡ ದವಾಖಾನೆಗೆಂದು ರಾಯಚೂರಿನ ಬಸ್ಸು ಹತ್ತಿದೆವು. ಆಕೆಯ ಗಂಡ ಹಿಂದಿನ ಸೀಟಿನಲ್ಲಿದ್ದ, ನಾವಿಬ್ಬರೂ ಮುಂದೆ.

ಕವಿತಾಳ ದಾಟಿದ ಮೇಲೆ ಆಕೆ, “ನಿನಗ ಏನೂ ಇಲ್ಲಂತ ಬರದು ಕೊಟ್ಟಾರಲ್ಲ. ಅದು ಕರಗಿತೇನು?” ಎಂದು ಕೇಳಿದಳು.

ಇನ್ನು ತಡೆಯಲಾಗಲಿಲ್ಲ. “ಅಕ್ಕಾ, ನನಗ ಏನೂ ಆಗಿದ್ದಿಲ್ಲ. ನಾವು ಊರು ನೋಡಾಕ ಹೊಂಟಿದ್ವಿ. ಅಕ್ಕಿ ಹೊರಸ್ತಾರ ಅಂತ ಸುಳ್ಳು ಹೇಳಿದೆ. ನಿನ್ನ ಮಾತು ಕೇಳಿದ ಮ್ಯಾಲ ಹೋಗಿ ತೋರಿಸಿಕೊಂಡೆ.”

ಆಕೆ ಮುಖವನ್ನು ಕಿಟಕಿಗೆ ತಿರುಗಿಸಿದಳು. ಹತ್ತಿ ಹೊಲಗಳು ಹಿಂದೆ ಹೋಗುತ್ತಲೇ ಇದ್ದವು. ಬೈದಿದ್ದರೆ ಹಗುರಾಗುತ್ತಿತ್ತು, ಬೈಯಲಿಲ್ಲ. ನಾನು ಕೂತಲ್ಲೇ ಸಣ್ಣವಳಾಗಿ ಹೋದೆ. ಆ ಕಡೆ ನೋಡುತ್ತಲೇ ಮಾತಾಡಿದಳು.

“ನೀ ದವಾಖಾನಿ ಅಂದ ದಿನಾನ ನಮ್ಮೂರ ಗುಡ್ಡದ ಮಲ್ಲಯ್ಯಗ ಬೇಡಿಕೊಂಡೆ. ಐದು ಸೋಮವಾರ ಒಪ್ಪತ್ತು ಇದ್ದು ಗುಡ್ಡ ಹತ್ತತೀನಿ, ನಿನಗ ಏನೂ ಆಗಬಾರದು ಅಂತ.”

“ನಿನ್ನ ಸಲುವಾಗಿ ಬೇಡಿಕೊಳ್ಳೋದು ಬಿಟ್ಟು ನನ್ನ ಸಲುವಾಗ್ಯಾ?”

“ನಂದು ದೇವರ ಮುಂದೂ ಬಾಯಿ ಬಿಟ್ಟು ಹೇಳಾಕ ಆಗಿದ್ದಿಲ್ಲ ತಂಗಿ.” ಆಮೇಲೆ ನನ್ನ ಕಡೆ ತಿರುಗಿದಳು. ಕಣ್ಣು ಕೆಂಪಾಗಿದ್ದವು, ಸಿಟ್ಟು ಇನ್ನೂ ಇತ್ತು. “ಮೂರು ಆಗ್ಯಾವು. ಎರಡು ಉಳದಾವು. ಏನೂ ಇಲ್ಲದಾಕಿ ಸಲುವಾಗಿ ನಾ ಯಾಕ ಹತ್ತಲಿ? ಅವೆರಡೂ ನೀ ಹತ್ತು, ನನ್ನ ಹೆಸರಿಲೆ.”

ಎರಡೂ ಹತ್ತಿದೆ. ಗಂಟು ಕೆಟ್ಟದ್ದೇ ಆಗಿತ್ತು, ಆದರೆ ಇನ್ನೂ ಬೇರೆ ಕಡೆ ಹಬ್ಬಿಲ್ಲ ಎಂದು ಡಾಕ್ಟರು ಹೇಳಿದರು. ಆ ಎರಡು ಮುಗಿದ ಮುಂದಿನ ಸೋಮವಾರವೇ ಆಪರೇಷನ್ ಆಯಿತು. ರಾಯಚೂರಿನಲ್ಲಿ ಆಕೆಯ ಗಂಡ, ತಂಗಿ ಜೊತೆಗಿದ್ದರು. ನನಗೆ ಯಾರೂ ಹೇಳಿರಲಿಲ್ಲ, ಆದರೂ ಉಪವಾಸವಿದ್ದು ಅವತ್ತೂ ಗುಡ್ಡ ಹತ್ತಿದೆ. ಗುಡಿಯಲ್ಲಿ ನಾಲ್ಕು ಜನ ಇದ್ದರು. ಅವರು ತಿರುಗಿ ನೋಡಿದರೂ ಬಿಡದೆ, ಆಕೆಯ ಹೆಸರು, ಆಕೆಯ ಗಂಟು, ಅದು ಇರುವ ಜಾಗ, ಎಲ್ಲವನ್ನೂ ಮಲ್ಲಯ್ಯನ ಮುಂದೆ ಬಾಯಿ ಬಿಟ್ಟು ಹೇಳಿದೆ.