ನಲ್ಲಿಯ ಮುಂದಿನ ಹೊತ್ತು

ವಿಜಯನಗರದಲ್ಲಿ ಮನೆಗಳಿಗಿಂತ ಖಾಲಿ ಸೈಟುಗಳೇ ಹೆಚ್ಚಿದ್ದ ಕಾಲ. ನೀಲಗಂಗಮ್ಮ ರಾಜಾಜಿನಗರದ ಶಾಲೆಯೊಂದರಲ್ಲಿ ಡ್ರಾಯಿಂಗ್ ಮೇಡಂ. ಪರದೇಶ ಸುತ್ತಿ ಬಂದ ಸೋದರಮಾವ ಒಂದು ಪುಟ್ಟ ಮೂವಿ ಕ್ಯಾಮೆರಾ, ಪ್ರೊಜೆಕ್ಟರು ಕೊಟ್ಟ ಮೇಲೆ ಆಕೆ ಮನೆಯಲ್ಲಿ ಕುಂಚ ಮುಟ್ಟಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮದುವೆ, ನಾಮಕರಣ ತೆಗೆಯುತ್ತಿದ್ದರು. ಈಕೆ ಒದ್ದೆ ಸೀರೆ ಒಣಗುವುದನ್ನು ತೆಗೆದಳು. ಹಾಲು ಉಕ್ಕುವ ಮುಂಚೆ ಸುಮ್ಮನಿರುವುದನ್ನು ತೆಗೆದಳು.

"ಇದರಲ್ಲಿ ಏನಿದೆಯೇ?" ಎಂದು ಕೇಳಿದ ಗಂಡ ರೇವಣಸಿದ್ದಪ್ಪ.

"ಹೊತ್ತು ಇದೆ. ಕಾಯೋರಿಗೆ ಅದು ಉದ್ದ, ಕಾಯಿಸೋರಿಗೆ ಗಿಡ್ಡ. ಅದು ಕಣ್ಣಿಗೆ ಕಾಣ್ಬೇಕು."

ಸರ್ಕಾರಿ ಗುಮಾಸ್ತನಾದ ಆತ ಪೇಪರು ಎತ್ತಿ ಮುಖಕ್ಕೆ ಅಡ್ಡ ಹಿಡಿದುಕೊಂಡ.

ಎಪ್ಪತ್ತನಾಲ್ಕರಲ್ಲಿ ಬಡಾವಣೆಯ ಸಂಘದವರು ರಾಜ್ಯೋತ್ಸವಕ್ಕೆ ನೀರು ಸರಬರಾಜಿನ ದೊಡ್ಡ ಅಧಿಕಾರಿಯೊಬ್ಬರನ್ನು ಕರೆದರು. ಕಾರ್ಯದರ್ಶಿ ಕರಿಬಸಪ್ಪ ತಿಂಗಳುಗಟ್ಟಲೆ ಮುಂಚೆಯೇ ರೀಲುಗಳನ್ನು ತಂದುಕೊಟ್ಟು, "ನಮ್ಮ ಏರಿಯಾ ಎಷ್ಟು ಬೇಗ ಬೆಳೀತಾ ಇದೆ ಅಂತ ತೋರಿಸಿ ಮೇಡಂ," ಎಂದಿದ್ದ.

ಆಕೆ ಮಹಡಿಯ ಕಟ್ಟೆಯ ಮೇಲೆ ಕ್ಯಾಮೆರಾ ಕೂರಿಸಿ, ಎದುರು ಸೈಟಿನಲ್ಲಿ ಏಳುತ್ತಿದ್ದ ಸಿದ್ದಬಸಪ್ಪನವರ ಮನೆಯನ್ನು ದಿನವೂ ಒಂದೊಂದು ಚೂರು ತೆಗೆದಳು. ಆಮೇಲೆ ಬೀದಿ ಕೊನೆಯ ನಲ್ಲಿಗೆ ಹೋದಳು. ಅಲ್ಲಿ ಬಿಂದಿಗೆಗಳ ಸಾಲು. ನೀರು ಯಾವಾಗ ಬರುತ್ತದೋ ಯಾರಿಗೂ ಗೊತ್ತಿಲ್ಲ. ಹಿಂದೆ ಇದೇ ಜಾಗದಲ್ಲಿ ರಾಗಿ ಬೆಳೆಯುತ್ತಿದ್ದ ಮನೆತನದ ಮುನಿತಾಯಮ್ಮ ಸೆರಗು ಸರಿಮಾಡಿಕೊಂಡಳು.

"ನಮ್ಮನ್ಯಾಕೆ ತೆಗೀತೀಯಮ್ಮ? ನಾವೇನು ಕುಣೀತೀವಾ?"

"ಕುಣಿಯೋದು ಬೇಡ, ನಿಂತಿರಿ ಸಾಕು."

"ಅದನ್ನ ಮಾಡ್ತಾನೇ ಇದೀವಲ್ಲ."

ಹಬ್ಬದ ಹಿಂದಿನ ದಿನ ಕರಿಬಸಪ್ಪ ಚಿತ್ರ ನೋಡಲು ಮನೆಗೆ ಬಂದ. ಗೋಡೆಯ ಮೇಲೆ ಮನೆಯೊಂದು ಕಣ್ಣು ಮಿಟುಕಿಸುವಷ್ಟರಲ್ಲಿ ತಳಪಾಯದಿಂದ ತಾರಸಿಗೆ ಎದ್ದಿತು. ಕರಿಬಸಪ್ಪ ಭೇಷ್ ಎಂದ. ಆಮೇಲೆ ನಲ್ಲಿ ಬಂತು. ಹೆಂಗಸರು ನಿಂತಿದ್ದರು. ಮತ್ತೂ ನಿಂತಿದ್ದರು. ಕರಿಬಸಪ್ಪ ಕುರ್ಚಿಯಲ್ಲಿ ಮಿಸುಕಾಡಿದ.

"ಈ ನಲ್ಲಿ ಭಾಗ ಕತ್ತರಿಸಿಬಿಡಿ ಮೇಡಂ."

"ಕತ್ತರಿಸಿದ್ರೆ ಆ ಮನೆಯೂ ಸುಳ್ಳಾಗತ್ತೆ."

"ಚಿಕ್ಕದಾದ್ರೂ ಮಾಡಿ. ನೋಡೋರಿಗೆ ಬೇಜಾರಾಗತ್ತೆ."

"ಆಗ್ಲಿ. ಅದಕ್ಕೇ ಅಷ್ಟುದ್ದ ಇಟ್ಟಿರೋದು."

ಆತ ರೇವಣಸಿದ್ದಪ್ಪನ ಕಡೆ ತಿರುಗಿದ. "ನೀವಾದ್ರೂ ಹೇಳಿ ಸಾರ್."

"ನಾನು ಹೇಳಿ ಅವಳು ಕೇಳೋ ದಿನ ನಲ್ಲೀಲಿ ನೀರೂ ಬರತ್ತೆ ಬಿಡಿ."

"ಹಾಗಾದ್ರೆ ನಾಳೆ ಸಿನಿಮಾ ಇಲ್ಲ," ಎಂದು ಕರಿಬಸಪ್ಪ ಎದ್ದು ಹೋದ.

ನೀಲಗಂಗಮ್ಮ ನೇರ ಸಿದ್ದಬಸಪ್ಪನವರಲ್ಲಿಗೆ ಹೋಗಿ, ಅವರ ಹೊಸ ಮನೆಯ ಸುಣ್ಣದ ಗೋಡೆಯನ್ನು ಪರದೆಗೆಂದು ಕೇಳಿದಳು. ಅವರ ಮನೆಯಲ್ಲೂ ನೀರಿರಲಿಲ್ಲ, ಒಪ್ಪಿದರು. ಮರುದಿನ ಸಂಜೆ ಭಾಷಣ ಮುಗಿದು ಜನ ಆ ಬೀದಿಯಲ್ಲೇ ಹಿಂದಿರುಗುವ ಹೊತ್ತಿಗೆ ನೀಲಗಂಗಮ್ಮನ ಮನೆ ಬಾಗಿಲಲ್ಲಿ ಪ್ರೊಜೆಕ್ಟರು ಓಡುತ್ತಿತ್ತು, ಎದುರು ಗೋಡೆಯ ಮೇಲೆ ನಲ್ಲಿಯ ಹೆಂಗಸರು ನಿಂತಿದ್ದರು. ಅಧಿಕಾರಿಯೂ ನಿಂತರು.

"ಮುಂದಕ್ಕೆ ಓಡ್ಸ್ರೀ," ಎಂದು ಯಾರೋ ಕೂಗಿದರು. ನಗು ಎದ್ದಿತು. ಕರಿಬಸಪ್ಪ ಧಾವಿಸಿ ಬಂದು, "ಆಫ್ ಮಾಡಿ," ಎಂದ.

ನೀಲಗಂಗಮ್ಮ ಸ್ವಿಚ್ಚಿಗೆ ಅಡ್ಡವಾಗಿ ನಿಂತಳು. "ಕರೆಂಟು ನನ್ನ ಮನೇದು. ನೋಡೋಕೆ ಇಷ್ಟವಿಲ್ಲದೋರು ಹೋಗ್ಬಹುದು. ನಲ್ಲಿ ಮುಂದೆ ಇರೋರಿಗೆ ಆ ಸವಲತ್ತಿಲ್ಲ."

ರೇವಣಸಿದ್ದಪ್ಪ ಒಳಗಿನಿಂದ ಸ್ಟೂಲು ತಂದು ಹೆಂಡತಿಯ ಪಕ್ಕದಲ್ಲಿಟ್ಟ. ತಾನೇ ಅದರ ಮೇಲೆ ಕೂತ.

ನೆಲದಲ್ಲಿ ಕೂತಿದ್ದ ಮುನಿತಾಯಮ್ಮ ಮೊದಲು ತನ್ನನ್ನು ಕಂಡು ನಕ್ಕಿದ್ದಳು. ಆಮೇಲೆ ನಗಲಿಲ್ಲ. "ದಿನಾ ಇಷ್ಟೊತ್ತು ನಿಂತಿರ್ತೀನಾ ನಾನು?" ಎಂದು ಪಕ್ಕದವಳನ್ನು ಮೆಲ್ಲಗೆ ಕೇಳಿದಳು. ಅಧಿಕಾರಿ ಗಡಿಯಾರ ನೋಡಿಕೊಂಡು, ಚಿತ್ರ ಮುಗಿಯುವ ಮುಂಚೆಯೇ ಜೀಪು ಹತ್ತಿದರು. ಹೆಂಗಸರು ಕೊನೆಯವರೆಗೂ ಕೂತರು.

ಆ ವಾರವೇ ಅವರು ಖಾಲಿ ಬಿಂದಿಗೆ ಹೊತ್ತು ನೀರಿನ ಕಚೇರಿಗೆ ಹೋದರು. ಸಾಹೇಬರು ಮೀಟಿಂಗಿನಲ್ಲಿದ್ದಾರೆ, ಕಾಯಿರಿ ಎಂದ ಜವಾನ. ನೀಲಗಂಗಮ್ಮ ಕ್ಯಾಮೆರಾಕ್ಕೆ ಕೀಲಿ ಕೊಟ್ಟು ಮೆಟ್ಟಿಲ ಮೇಲೆ ಕೂತಳು. "ಕಾಯ್ತೀವಿ. ರೀಲು ಬೇಕಾದಷ್ಟಿದೆ."

ಬೇಸಿಗೆಗೆ ಮುಂಚೆ ಬೀದಿಗೆ ಇನ್ನೊಂದು ನಲ್ಲಿ ಬಂತು. ಸಂಘದವರು ಆಕೆಯನ್ನು ಮತ್ತೆ ಯಾವ ಸಮಾರಂಭಕ್ಕೂ ಕರೆಯಲಿಲ್ಲ. ಆಕೆ ಕೆಂಗೇರಿಯ ಬಸ್ ಸ್ಟಾಪಿನಲ್ಲಿ ಮುಂದಿನ ಚಿತ್ರ ಶುರುಮಾಡಿದ್ದಳು.